ಹಿನ್ನೆಲೆ ಕಪ್ಪಾಗಿರಲಿ: ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನ ಮೂಲ ಪಾಠ

ದಾವಣಗೆರೆಯಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳು ಮತ್ತು ಲ್ಯಾಬ್ ಟೆಕ್ನಿಷಿಯನ್ನರ ಮುಂದೆ ಆಡಿದ ಮಾತುಗಳ ಬರಹ ರೂಪ. ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಓದುವವರಿಗೆ ಅನುಕೂಲವಾಗುವಂತೆ ವಿವರಿಸಿದೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಲ್ಕು ಗಾಜಿನ ಲೋಟಗಳಿವೆ. ಮೊದಲನೆಯದರಲ್ಲಿ ಬರೀ ನೀರು. ಎರಡನೆಯದರಲ್ಲಿ ಟಾನಿಕ್ ವಾಟರ್. ಮೂರನೆಯದರಲ್ಲಿ ಸ್ಪಿರಿಟ್‌ಗೆ ಒಂದು ಚಿಟಿಕೆ ಅರಿಶಿನ ಹಾಕಿ ಕಲಕಿ ಸೋಸಿದ್ದು. ನಾಲ್ಕನೆಯದು ಪಾಲಕ್ ಸೊಪ್ಪನ್ನು ಅದೇ ಸ್ಪಿರಿಟ್‌ನಲ್ಲಿ ಜಜ್ಜಿ ಸೋಸಿದ ಹಸಿರು ರಸ. ದೀಪ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಈಗ 365 ನ್ಯಾನೋಮೀಟರಿನ ಯುವಿ ಟಾರ್ಚನ್ನು ಪಕ್ಕದಿಂದ ಹಿಡಿಯುತ್ತೇನೆ. ನೀರಿನಲ್ಲಿ ಏನೂ ಇಲ್ಲ. ಟಾನಿಕ್ ವಾಟರ್ ತಿಳಿನೀಲಿಯಾಗಿ ಬೆಳಗುತ್ತಿದೆ, ಅರಿಶಿನ ಹಳದಿ ಬೆರೆತ ಹಸಿರು, ಪಾಲಕ್ ರಸ ರಕ್ತದ ಹಾಗೆ ಕೆಂಪು. ಹಾಕಿದ ಬೆಳಕು ಒಂದೇ, ಬಂದ ಬಣ್ಣ ಮೂರು.

ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ಅಗ್ಗಕ್ಕೆ ಸಿಗುವ ಟಾರ್ಚುಗಳಲ್ಲಿ ಹೆಚ್ಚಿನವು 395 ನ್ಯಾನೋಮೀಟರಿನವು. ಅವುಗಳ ನೇರಳೆ ಬೆಳಕು ನಮ್ಮ ಕಣ್ಣಿಗೇ ಕಾಣುವುದರಿಂದ ವಸ್ತುವಿನ ಮಂದ ಹೊಳಪು ಅದರಲ್ಲಿ ಮುಳುಗಿಹೋಗುತ್ತದೆ. ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವ 365ರ ಟಾರ್ಚ್ ಕೊಳ್ಳಿ. ಮತ್ತೆ, ಅದನ್ನು ಯಾರ ಕಣ್ಣಿಗೂ ಹಿಡಿಯಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವುದು ಕಡಿಮೆ, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಟಾನಿಕ್ ವಾಟರಿನಲ್ಲಿ ಹೊಳೆಯುವುದು ಕ್ವಿನೈನ್. ಅದರ ಈ ನೀಲಿ ಹೊಳಪನ್ನು ಜಾನ್ ಹರ್ಷೆಲ್ 1845ರಲ್ಲಿ ವರದಿ ಮಾಡಿದ. ಒಳಗೆ ಹೋದ ಬೆಳಕಿಗಿಂತ ಹೊರಗೆ ಬರುವ ಬೆಳಕಿನ ತರಂಗಾಂತರ ಉದ್ದ ಎಂದು 1852ರಲ್ಲಿ ವಿವರಿಸಿದವನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ‘ಫ್ಲೋರೆಸೆನ್ಸ್’ ಎಂಬ ಪದ ಮಾಡಿದವನೂ ಅವನೇ. ನಮ್ಮ ಪಠ್ಯಗಳಲ್ಲಿ ಇದು ಪ್ರತಿದೀಪ್ತಿ.

ಒಳಗೆ ನಡೆಯುವುದಿಷ್ಟು. ಅಣು ಬೆಳಕಿನ ಒಂದು ಕಣವನ್ನು, ಅಂದರೆ ಫೋಟಾನನ್ನು, ನುಂಗಿ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಅಲ್ಲಿ ಕೆಲವು ನ್ಯಾನೋಸೆಕೆಂಡ್ ಇರುತ್ತದೆ, ಫ್ಲೋರೆಸೀನ್ ಎಂಬ ಬಣ್ಣವಾದರೆ ಸುಮಾರು 4. ಅಷ್ಟರಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಕರಗುತ್ತದೆ. ಉಳಿದದ್ದು ಬೆಳಕಾಗಿ ಹೊರಬೀಳುತ್ತದೆ. ಹೊಲದಿಂದ ತಂದ ಮೆಕ್ಕೆಜೋಳ ಕಣದಲ್ಲಿ ಒಣಗಿ ಎಪಿಎಂಸಿ ತಕ್ಕಡಿಗೆ ಬರುವಷ್ಟರಲ್ಲಿ ತೂಕ ಇಳಿದಿರುತ್ತದಲ್ಲ, ಹಾಗೆ. ಲೆಕ್ಕ ಬೇಕೆಂದರೆ, 488 ನ್ಯಾನೋಮೀಟರಿನ ನೀಲಿ ಫೋಟಾನಿನ ಶಕ್ತಿ 2.54 ಎಲೆಕ್ಟ್ರಾನ್ ವೋಲ್ಟ್, 520ರ ಹಸಿರು ಫೋಟಾನಿನದು 2.38. ಕಳೆದುಹೋದ 0.16 ಶಾಖಕ್ಕೆ ಸಂದಿತು. ತರಂಗಾಂತರದಲ್ಲಿ ಆಗುವ ಈ ಜರುಗುವಿಕೆಗೆ ಸ್ಟೋಕ್ಸ್ ಪಲ್ಲಟ ಎಂದು ಹೆಸರು. ಪಲ್ಲಟ ಇರದಿದ್ದರೆ ಹಾಕಿದ ಬೆಳಕನ್ನೂ ಬಂದ ಬೆಳಕನ್ನೂ ಬೇರ್ಪಡಿಸಲು ದಾರಿಯೇ ಇರುತ್ತಿರಲಿಲ್ಲ, ಈ ಮೈಕ್ರೋಸ್ಕೋಪೂ ಇರುತ್ತಿರಲಿಲ್ಲ.

ಏರಿದ ಅಣು ಬೆಳಕನ್ನೇ ಕೊಡಬೇಕೆಂದಿಲ್ಲ. ಟಾನಿಕ್ ವಾಟರಿಗೆ ಒಂದು ಚಮಚ ಅಡುಗೆ ಉಪ್ಪು ಹಾಕುತ್ತೇನೆ. ನೊರೆ ಇಳಿಯಲಿ. ನೋಡಿ, ನೀಲಿ ಮಂಕಾಯಿತು. ಕ್ವಿನೈನ್ ಎಲ್ಲಿಗೂ ಹೋಗಿಲ್ಲ. ಉಪ್ಪಿನ ಕ್ಲೋರೈಡ್ ಅಯಾನು ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಬೆಳಕಾಗುವ ಮೊದಲೇ ಕಸಿಯುತ್ತಿದೆ. ಇದು ಕ್ವೆಂಚಿಂಗ್. ಪಾಲಕ್ ಕೂಡ ಇದೇ ಜಾತಿಯ ಪಾಠ ಹೇಳುತ್ತದೆ. ರಸ ಕೆಂಪಗೆ ಹೊಳೆದರೂ ಹಸಿ ಎಲೆಗೆ ಟಾರ್ಚ್ ಹಿಡಿದರೆ ಅಷ್ಟು ಹೊಳಪಿಲ್ಲ. ಜೀವಂತ ಎಲೆಯಲ್ಲಿ ಆ ಶಕ್ತಿ ದ್ಯುತಿಸಂಶ್ಲೇಷಣೆಗೋ ಶಾಖಕ್ಕೋ ಹೋಗಿ, ಬೆಳಕಾಗಿ ಮರಳುವುದು ಶೇಕಡಾ 1-2 ಮಾತ್ರ. ಸ್ಲೈಡಿನಲ್ಲಿ ಹೊಳಪು ಕಾಣದಿದ್ದರೆ ‘ಬಣ್ಣ ಹತ್ತಿಲ್ಲ’ ಎಂದು ತೀರ್ಮಾನಿಸುವ ಮೊದಲು ಬಣ್ಣದ ಸುತ್ತ ಏನಿದೆ ಎಂದು ಕೇಳಿಕೊಳ್ಳಿ. ಪ್ರತಿಕಾಯಗಳಿಗೆ ಅಂಟಿಸುವ ಎಫ್‌ಐಟಿಸಿ ಎಂಬ ಹಸಿರು ಬಣ್ಣ ಆಮ್ಲದಲ್ಲಿ ಮಂಕಾಗುತ್ತದೆ, ಪಿಎಚ್ 8.5ರ ಆಸುಪಾಸಿನಲ್ಲಿ ಚೆನ್ನಾಗಿ ಬೆಳಗುತ್ತದೆ. ಕವರ್‌ಸ್ಲಿಪ್ಪಿನಡಿ ಹಾಕುವ ಮೌಂಟಿಂಗ್ ದ್ರವದ ಪಿಎಚ್ ತಪ್ಪಿ ಹಾಳಾದ ಸ್ಲೈಡಿಗೆ ಪ್ರತಿಕಾಯದ ಬಾಟಲಿಯನ್ನು ದೂರಿ ಫಲವಿಲ್ಲ.

ಇನ್ನು ಮೈಕ್ರೋಸ್ಕೋಪು

ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಬೆಳಕು ಬೇಕಾದಷ್ಟಿರುತ್ತದೆ, ವಸ್ತು ಅದರಲ್ಲಿ ನೆರಳಾಗಿ ಕಾಣುತ್ತದೆ. ಇಲ್ಲಿ ಉಲ್ಟಾ. ವಸ್ತು ತಾನೇ ದೀಪ, ಅದೂ ಬಹಳ ಬಡ ದೀಪ. ಹಾಕಿದ ಬೆಳಕಿಗೆ ಹೋಲಿಸಿದರೆ ಬರುವ ಪ್ರತಿದೀಪ್ತಿ ಸಾವಿರದಿಂದ ಹತ್ತು ಲಕ್ಷ ಪಟ್ಟು ಕಡಿಮೆ. ಹೀಗಾಗಿ ಇದು ಬೆಳಕು ತೋರಿಸುವ ಯಂತ್ರ ಎನ್ನುವುದಕ್ಕಿಂತ ಬೇಡದ ಬೆಳಕನ್ನು ತಡೆಯುವ ಯಂತ್ರ. ಇವತ್ತು ಹೇಳುವ ಎಲ್ಲ ಭಾಗಗಳನ್ನೂ ಈ ಕಣ್ಣಿನಿಂದಲೇ ನೋಡಿ: ಇದು ಹಿನ್ನೆಲೆಯನ್ನು ಕಪ್ಪು ಮಾಡುತ್ತಿದೆಯೇ, ಇಲ್ಲವೇ?

ಮೊದಲ ಫ್ಲೋರೆಸೆನ್ಸ್ ಮೈಕ್ರೋಸ್ಕೋಪುಗಳು 1911-13ರ ಹೊತ್ತಿಗೆ ಬಂದವು. ಅವುಗಳಲ್ಲಿ ಬೆಳಕು ಕೆಳಗಿನಿಂದ ಸ್ಲೈಡ್ ದಾಟಿ ಆಬ್ಜೆಕ್ಟಿವ್ (ಸ್ಲೈಡಿಗೆ ಹತ್ತಿರದ ಲೆನ್ಸ್) ಕಡೆಗೇ ಬರುತ್ತಿತ್ತು, ಅದನ್ನು ತಡೆಯುವುದೇ ದೊಡ್ಡ ಪಾಡು. ಈಗಿನ ಯಂತ್ರಗಳಲ್ಲಿ ಬೆಳಕು ಮೇಲಿನಿಂದ, ಆಬ್ಜೆಕ್ಟಿವ್ ಮೂಲಕವೇ ಇಳಿಯುತ್ತದೆ. ವಸ್ತುವಿನ ಹೊಳಪು ಅದೇ ಆಬ್ಜೆಕ್ಟಿವಿನಿಂದ ಮೇಲೆ ಬರುತ್ತದೆ. ಹಾಕಿದ ಬೆಳಕಿನ ಹೆಚ್ಚಿನ ಪಾಲು ಸ್ಲೈಡ್ ದಾಟಿ ಕೆಳಗೆ ಹೋಗಿಬಿಡುತ್ತದೆ, ಗಾಜಿನ ಮೇಲ್ಮೈಯಿಂದ ಹಿಂತಿರುಗುವ ಅಲ್ಪ ಪಾಲನ್ನಷ್ಟೇ ಫಿಲ್ಟರು ತಡೆದರೆ ಸಾಕು. ಈ ಏರ್ಪಾಡನ್ನು, ಕೆಲವು ಬಣ್ಣ ತಿರುಗಿಸಿ ಕೆಲವನ್ನು ದಾಟಿಸುವ ಡೈಕ್ರೋಯಿಕ್ ಕನ್ನಡಿಯೊಂದಿಗೆ ಎಲ್ಲರ ಕೈಗೆ ಎಟಕುವಂತೆ ಮಾಡಿದ್ದು 1960ರ ದಶಕದಲ್ಲಿ ಡಚ್ ವಿಜ್ಞಾನಿ ಪ್ಲೂಮ್.

ಇದೋ, ಬಿಚ್ಚಿಟ್ಟ ಒಂದು ಫಿಲ್ಟರ್ ಕ್ಯೂಬ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಮೂರು ಗಾಜುಗಳು. ದೀಪದ ಕಡೆ ಇರುವುದು ಎಕ್ಸೈಟರ್. ಇದರ ಅಂಚಿನಲ್ಲಿ 470/40 ಎಂದಿದೆ, ಅಂದರೆ 470ರ ಎರಡೂ ಕಡೆ 20ರಂತೆ 450ರಿಂದ 490ರವರೆಗೆ ಮಾತ್ರ ಒಳಗೆ ಬಿಡುತ್ತದೆ. ನಡುವೆ 45 ಡಿಗ್ರಿ ಓರೆಯಾಗಿರುವುದು ಡೈಕ್ರೋಯಿಕ್ ಕನ್ನಡಿ. ಇದು 495ಕ್ಕಿಂತ ಕಡಿಮೆ ಇರುವುದನ್ನು ಕೆಳಗೆ ಆಬ್ಜೆಕ್ಟಿವಿಗೆ ತಿರುಗಿಸುತ್ತದೆ, ಹೆಚ್ಚಿನದ್ದನ್ನು ನೇರ ಮೇಲಕ್ಕೆ ಬಿಡುತ್ತದೆ. ಮೇಲಿನದು ಎಮಿಷನ್ ಫಿಲ್ಟರ್, 525/50. ಇದರಲ್ಲಿ 500ರಿಂದ 550 ಮಾತ್ರ ಕಣ್ಣಿಗೆ ಬರುತ್ತದೆ. 495ರಲ್ಲಿ ನುಂಗಿ 519ರಲ್ಲಿ ಹೊಳೆಯುವ ಎಫ್‌ಐಟಿಸಿಗೆ, 488 ಮತ್ತು 507ರ ಹಸಿರು ಪ್ರೋಟೀನ್ ಇಜಿಎಫ್‌ಪಿಗೆ ಹೇಳಿ ಮಾಡಿಸಿದ್ದು. ಒಳ್ಳೆಯ ಫಿಲ್ಟರ್ ತಾನು ತಡೆಯಬೇಕಾದ ಬೆಳಕಿನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲನ್ನು ಮಾತ್ರ ನುಸುಳಲು ಬಿಡುತ್ತದೆ. ಕ್ಯಾಟಲಾಗಿನಲ್ಲಿ ಇದನ್ನು ‘ಓಡಿ 6’ ಎಂದು ಬರೆದಿರುತ್ತಾರೆ.

ಕ್ಯೂಬ್ ಬಿಚ್ಚುವವರು ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಫಿಲ್ಟರಿನ ಅಂಚಿನಲ್ಲಿರುವ ಬಾಣದ ಗುರುತಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಡೈಕ್ರೋಯಿಕ್‌ನ ಲೇಪನವಿರುವ ಮುಖ ದೀಪದ ಮತ್ತು ಆಬ್ಜೆಕ್ಟಿವಿನ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಚಿತ್ರ ಎರಡಾಗಿ ಕಾಣಬಹುದು. ಅದರ ಮೇಲೆ ಟಿಶ್ಯೂ, ಬಟ್ಟೆ, ಬೆರಳು ಯಾವುದೂ ಬೇಡ, ರಬ್ಬರ್ ಬಲ್ಬಿನಿಂದ ಗಾಳಿ ಊದಿದರೆ ಸಾಕು. ಚಿತ್ರದುರ್ಗ, ಚಳ್ಳಕೆರೆ ಕಡೆಯ ಲ್ಯಾಬುಗಳಲ್ಲಿ ಮಲೆನಾಡಿನವರ ಹಾಗೆ ಲೆನ್ಸಿಗೆ ಬೂಸಲು ಹಿಡಿಯುವ ಕಾಟ ಕಡಿಮೆ. ಬದಲಿಗೆ ಧೂಳು ಜಾಸ್ತಿ. ಕೆಲಸ ಮುಗಿದೊಡನೆ ಕವರ್ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಹಿನ್ನೆಲೆ ಕಪ್ಪಾಗದೆ ಬೂದುಬಣ್ಣವಾಗಿದ್ದರೆ ತಪ್ಪು ಹುಡುಕುವ ಕ್ರಮ ಹೇಳುತ್ತೇನೆ. ಮೊದಲು ಕೆಳಗಿನ ದೀಪ ಪೂರ್ತಿ ಆರಿದೆಯೇ, ಕೋಣೆಯ ಬೆಳಕು ಸ್ಲೈಡಿನ ಕೆಳಗಿನ ಲೆನ್ಸಾದ ಕಂಡೆನ್ಸರ್ ಮೂಲಕ ಒಳಗೆ ಬರುತ್ತಿದೆಯೇ ನೋಡಿ. ಅನೇಕ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಸ್ಲೈಡನ್ನು ತೆಗೆದುಬಿಡಿ. ಆಗಲೂ ಬೂದು ಉಳಿದರೆ ತಪ್ಪು ಫಿಲ್ಟರಿನದೋ ಆಬ್ಜೆಕ್ಟಿವಿನ ಮೇಲೆ ಒಣಗಿದ ಹಳೆ ಎಣ್ಣೆಯದೋ. ಸ್ಲೈಡಿನ ಜೊತೆಗೇ ಬೂದು ಹೋದರೆ, ಬಣ್ಣ ಹಾಕದ ಇನ್ನೊಂದು ಸ್ಲೈಡ್ ಇಟ್ಟು ನೋಡಿ. ಅದೂ ಹೊಳೆದರೆ ವಸ್ತುವಿನ ಸ್ವಂತ ಹೊಳಪು, ಅದು ಕಪ್ಪಾಗಿದ್ದರೆ ನಿಮ್ಮ ಸ್ಲೈಡಿನಲ್ಲಿ ಬಣ್ಣ ಹೆಚ್ಚಾಗಿದೆ ಅಥವಾ ತೊಳೆದದ್ದು ಸಾಲದು. ಐದು ನಿಮಿಷದ ಕೆಲಸ. ಇದನ್ನು ಬಿಟ್ಟು ನೇರವಾಗಿ ಸರ್ವಿಸ್ ಇಂಜಿನಿಯರಿಗೆ ಫೋನ್ ಮಾಡುವವರೇ ಹೆಚ್ಚು.

ಆಬ್ಜೆಕ್ಟಿವ್ ಕೊಳ್ಳುವಾಗ ಎಲ್ಲರೂ ನೋಡುವುದು 40, 100 ಎಂಬ ವರ್ಧನೆಯನ್ನು. ನೋಡಬೇಕಾದದ್ದು ಅದರ ಪಕ್ಕದ ಎನ್‌ಎ (ನ್ಯೂಮರಿಕಲ್ ಅಪರ್ಚರ್) ಸಂಖ್ಯೆಯನ್ನು, ಅಂದರೆ ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕನ್ನು ಬಾಚುತ್ತದೆ ಎಂಬ ಅಳತೆಯನ್ನು. ಇಲ್ಲಿ ಆಬ್ಜೆಕ್ಟಿವ್ ಎರಡು ಸಲ ದುಡಿಯುತ್ತದೆ, ಬೆಳಕು ಸುರಿಯುವುದಕ್ಕೆ ಒಮ್ಮೆ, ಹೊಳಪನ್ನು ಬಾಚಿಕೊಳ್ಳುವುದಕ್ಕೆ ಇನ್ನೊಮ್ಮೆ. ಹಾಗಾಗಿ ವರ್ಧನೆ ಒಂದೇ ಆಗಿದ್ದಾಗ ಚಿತ್ರದ ಪ್ರಕಾಶ ಎನ್‌ಎಯ ನಾಲ್ಕನೆಯ ಘಾತದಂತೆ ಏರುತ್ತದೆ. 20 ಪಟ್ಟಿನ ಎರಡು ಆಬ್ಜೆಕ್ಟಿವ್‌ಗಳಿವೆ, ಒಂದರ ಎನ್‌ಎ 0.40, ಇನ್ನೊಂದರದು 0.75 ಎನ್ನಿ. ಎರಡನೆಯದರಲ್ಲಿ ಚಿತ್ರ ಸುಮಾರು 12 ಪಟ್ಟು ಪ್ರಕಾಶಮಾನ. ವರ್ಧನೆ ಹೆಚ್ಚಿಸಿದರೆ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕಾಗುತ್ತದೆ. ಇನ್ನು ಎಷ್ಟು ಸೂಕ್ಷ್ಮ ಕಾಣುತ್ತದೆ ಎನ್ನುವ ಲೆಕ್ಕ: ತರಂಗಾಂತರವನ್ನು 0.61ರಿಂದ ಗುಣಿಸಿ ಎನ್‌ಎಯಿಂದ ಭಾಗಿಸಿ. 520ರ ಹಸಿರಿಗೆ 1.4 ಎನ್‌ಎ ಎಣ್ಣೆ ಆಬ್ಜೆಕ್ಟಿವಿನಲ್ಲಿ ಸುಮಾರು 227 ನ್ಯಾನೋಮೀಟರ್, 0.65ರದರಲ್ಲಿ 488. ಈ ಮಿತಿಯನ್ನು ದಾಟುವ ಉಪಾಯಗಳಿಗೆ 2014ರ ರಸಾಯನಶಾಸ್ತ್ರ ನೊಬೆಲ್ ಬಂತು, ಆದರೆ ಆ ಯಂತ್ರಗಳ ಮಾತು ಬೇರೆ ದಿನಕ್ಕಿರಲಿ.

ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದೇ ಬೇಕು, ಡಬ್ಬಿಯ ಮೇಲೆ ‘ನಂಬರ್ 1.5’ ಎಂದಿರುತ್ತದೆ. ಅಂಗಡಿಯವರು ಕೊಡುವುದು ಹೆಚ್ಚಾಗಿ ನಂಬರ್ 1, ಅದು ತೆಳು. 10 ಪಟ್ಟಿನಲ್ಲಿ ವ್ಯತ್ಯಾಸ ಗೊತ್ತಾಗದು, 0.75ರ ಒಣ ಆಬ್ಜೆಕ್ಟಿವಿನಲ್ಲಿ ಗೊತ್ತಾಗುತ್ತದೆ, ಎಷ್ಟು ಫೋಕಸ್ ತಿರುಗಿಸಿದರೂ ಅಂಚು ಮಸುಕು.

ದೀಪದ ವಿಷಯ. ಹಳೆಯ ಯಂತ್ರಗಳಲ್ಲಿ 100 ವ್ಯಾಟಿನ ಪಾದರಸದ ಆರ್ಕ್ ದೀಪ. 365, 405, 436, 546 ಇಂಥ ಕೆಲವು ತರಂಗಾಂತರಗಳಲ್ಲಿ ಅದರ ಬೆಳಕು ಬಲು ಜೋರು. ಆದರೆ ಆಯುಷ್ಯ 200ರಿಂದ 300 ಗಂಟೆ ಮಾತ್ರ, ಆಮೇಲೆ ಸಿಡಿಯುವ ಭಯ. ಒಮ್ಮೆ ಹಚ್ಚಿದರೆ ಅರ್ಧ ಗಂಟೆಯಾದರೂ ಉರಿಯಬೇಕು, ಆರಿಸಿದರೆ ಪೂರ್ತಿ ತಣಿಯುವ ತನಕ ಮತ್ತೆ ಹಚ್ಚಬಾರದು. ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತದೋ ತಿಳಿಯದ ನಮ್ಮ ಊರುಗಳಲ್ಲಿ ಈ ನಿಯಮ ಪಾಲಿಸುವುದು ಹೇಗೆ? ಯುಪಿಎಸ್ ಇಲ್ಲದೆ ಆ ದೀಪ ಇಟ್ಟುಕೊಳ್ಳುವುದು ದಂಡ. ಬಲ್ಬ್ ಬದಲಿಸುವಾಗ ಗಾಜಿಗೆ ಬೆರಳು ತಾಗಿದರೆ ಜಿಡ್ಡು ಸುಟ್ಟು ಅಲ್ಲಿಂದಲೇ ಬಿರುಕು ಬಿಡುತ್ತದೆ, ಸ್ಪಿರಿಟ್‌ನಲ್ಲಿ ಒರೆಸಿಯೇ ಕೂರಿಸಿ. ಸಿಡಿದರೆ ಕಿಟಕಿ ತೆರೆದು ಎಲ್ಲರೂ ಹೊರಗೆ ನಡೆಯಿರಿ, ಗಾಳಿಯಲ್ಲಿರುವುದು ಪಾದರಸದ ಆವಿ. ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ ಒಂದೇ, ಎಲ್‌ಇಡಿ. ಹತ್ತು ಸಾವಿರ ಗಂಟೆಗೂ ಹೆಚ್ಚು ಬಾಳುತ್ತದೆ, ಸ್ವಿಚ್ ಒತ್ತಿದ ಕ್ಷಣ ಹತ್ತುತ್ತದೆ. ಎಲ್‌ಇಡಿ ಇದೆಯೆಂದು ಎಕ್ಸೈಟರ್ ತೆಗೆಯಬೇಡಿ, ನೀಲಿ ಎಲ್‌ಇಡಿಗೂ ಹಸಿರಿನವರೆಗೆ ಚಾಚುವ ಸಣ್ಣ ಬಾಲವಿರುತ್ತದೆ.

ಒಂದು ಈರುಳ್ಳಿ ಸ್ಲೈಡ್

ಚಿತ್ರದುರ್ಗ ಜಿಲ್ಲೆಯಲ್ಲಿ ಈರುಳ್ಳಿಗೇನು ಬರ. ಒಳಪದರದ ಒಳಮೈಯಿಂದ ತೆಳುವಾದ ಸಿಪ್ಪೆಯನ್ನು ಚಿಮಟದಿಂದ ಎಳೆದು, 5 ಮಿಲಿಮೀಟರ್ ಚೌಕ ಕತ್ತರಿಸಿ. ಮೂರು ಪಾಲು ಈಥೈಲ್ ಆಲ್ಕೋಹಾಲಿಗೆ ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ ಸೇರಿಸಿ ಅದರಲ್ಲಿ ಅರ್ಧ ಗಂಟೆ ಬಿಡಿ. ಈ ಹಂತ ಬಿಟ್ಟರೆ ಡಾಪಿ ಎಂಬ ಬಣ್ಣ ಜೀವಂತ ಕೋಶದೊಳಗೆ ಸರಿಯಾಗಿ ಇಳಿಯುವುದಿಲ್ಲ. ಪಿಬಿಎಸ್ ಎಂಬ ಫಾಸ್ಫೇಟ್ ಬೆರೆತ ಉಪ್ಪುನೀರಿನಲ್ಲಿ ಐದೈದು ನಿಮಿಷ ಮೂರು ಸಲ ತೊಳೆಯಿರಿ. ಡಾಪಿಯ ಮೂಲದ್ರಾವಣವನ್ನು ಮಿಲಿಲೀಟರಿಗೆ 5 ಮಿಲಿಗ್ರಾಂನಂತೆ ಶುದ್ಧ ನೀರಿನಲ್ಲಿ ಮಾಡಿಟ್ಟಿರಬೇಕು. ನೇರ ಪಿಬಿಎಸ್‌ಗೆ ಅಷ್ಟು ಪುಡಿ ಸುರಿದರೆ ಕರಗದೆ ತಳ ಹಿಡಿಯುತ್ತದೆ. ಬಳಸುವಾಗ ಪಿಬಿಎಸ್‌ನಲ್ಲಿ 5000 ಪಟ್ಟು ತೆಳುಮಾಡಿದರೆ ಮಿಲಿಲೀಟರಿಗೆ 1 ಮೈಕ್ರೋಗ್ರಾಂ. ಅದರಲ್ಲಿ 10 ನಿಮಿಷ, ಕತ್ತಲಲ್ಲಿ. ಇನ್ನೊಮ್ಮೆ ತೊಳೆದು, ಒಂಬತ್ತು ಪಾಲು ಗ್ಲಿಸರಾಲಿಗೆ ಒಂದು ಪಾಲು ಪಿಬಿಎಸ್ ಬೆರೆಸಿದ ಹನಿಯಲ್ಲಿ ಮಡಿಕೆಯಿಲ್ಲದಂತೆ ಹಾಸಿ, ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ನಿಧಾನವಾಗಿ ಇಳಿಸಿ. ಡಾಪಿ ಡಿಎನ್‌ಎಗೆ ಅಂಟುವಂಥದ್ದು, ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ಮೊದಲು ಸಾಮಾನ್ಯ ಬೆಳಕಿನಲ್ಲಿ ಫೋಕಸ್ ಮಾಡಿ. ಆಮೇಲೆ ಕೆಳಗಿನ ದೀಪ ಆರಿಸಿ ಯುವಿ ಶಟರ್ ತೆರೆಯಿರಿ. ಇಟ್ಟಿಗೆ ಜೋಡಿಸಿದಂಥ ಕೋಶಗಳು ಮಾಯವಾಗಿ, ಕಪ್ಪಿನಲ್ಲಿ ಒಂದೊಂದು ಕೋಶಕ್ಕೆ ಒಂದೊಂದು ನೀಲಿ ಕೋಶಕೇಂದ್ರ ಉಳಿಯುತ್ತದೆ. ಕೋಶಭಿತ್ತಿಗಳೂ ಮಸುಕು ನೀಲಿಯಾಗಿ ಕಂಡರೆ ಗಾಬರಿ ಬೇಡ, ಅದು ಅವುಗಳ ಸ್ವಂತ ಹೊಳಪು, ಬಣ್ಣ ಹಾಕದ ಸಿಪ್ಪೆಯಲ್ಲೂ ಇರುತ್ತದೆ. ಆ ಸಿಪ್ಪೆಯದೂ ಒಂದು ಸ್ಲೈಡ್ ಮಾಡಿಟ್ಟಿರಬೇಕು.

ಹರಟೆ ಹೊಡೆಯುತ್ತ ಶಟರ್ ತೆರೆದೇ ಬಿಟ್ಟರೆ ಕೋಶಕೇಂದ್ರಗಳು ಕಣ್ಣೆದುರೇ ಮಂಕಾಗುತ್ತವೆ. ಇದು ಫೋಟೋಬ್ಲೀಚಿಂಗ್. ಏರಿದ ಅಣುವಿಗೆ ಆಮ್ಲಜನಕ ಸಿಕ್ಕರೆ ರಾಸಾಯನಿಕವಾಗಿಯೇ ಕೆಟ್ಟುಹೋಗುತ್ತದೆ. ಒಂದು ಫ್ಲೋರೆಸೀನ್ ಅಣು ಹತ್ತಾರು ಸಾವಿರ ಫೋಟಾನ್ ಕೊಟ್ಟು ಸಾಯುತ್ತದೆ, ಅದರಿಂದಾಚೆ ಅದರಲ್ಲಿ ಏನೂ ಇಲ್ಲ. ಆ ಫೋಟಾನುಗಳನ್ನು ನೋಡುವವರ ಕಣ್ಣಿಗೆ ಖರ್ಚು ಮಾಡುತ್ತೀರೋ, ಕ್ಯಾಮೆರಾಕ್ಕೋ ಎಂಬುದು ನಿಮ್ಮ ಕೈಯಲ್ಲಿದೆ. ಒಂದು ಮೂಲೆಯಲ್ಲಿ ಫೋಕಸ್ ಮಾಡಿ, ಪಕ್ಕದ ಹೊಸ ಜಾಗಕ್ಕೆ ಸರಿದು ಫೋಟೋ ತೆಗೆಯಿರಿ. ಮೌಂಟಿಂಗ್ ದ್ರವಕ್ಕೆ ಶೇಕಡಾ 2.5ರಷ್ಟು ಡಾಬ್ಕೋ ಎಂಬ ರಾಸಾಯನಿಕ ಸೇರಿಸಿದರೆ ಮಂಕಾಗುವುದು ನಿಧಾನವಾಗುತ್ತದೆ.

ಕಫದ ಸ್ಲೈಡು

ನಮ್ಮ ಜಿಲ್ಲೆಗಳಲ್ಲಿ ಈ ತಂತ್ರ ನಿತ್ಯ ಬಳಕೆಯಾಗುವುದು ಸಂಶೋಧನೆಗಿಂತ ಹೆಚ್ಚಾಗಿ ಕ್ಷಯರೋಗ ಪತ್ತೆಗೆ. ಸಭೆಯಲ್ಲಿರುವ ಟೆಕ್ನಿಷಿಯನ್ನರಿಗೆ ಇದು ಗೊತ್ತಿರುವ ಕೆಲಸವೇ, ಆದರೆ ಪ್ರತಿ ಹೆಜ್ಜೆಯ ಕಾರಣ ಹೇಳುತ್ತೇನೆ. ಆರಮಿನ್ ಎಂಬ ಹೊಳೆಯುವ ಬಣ್ಣದ ಶೇಕಡಾ 0.1ರ ದ್ರಾವಣ 20 ನಿಮಿಷ. ಸಾಮಾನ್ಯ ಮೈಕ್ರೋಸ್ಕೋಪಿಗಾಗಿ ಬಣ್ಣ ಹಾಕುವ ಹಳೆಯ ಝೀಲ್-ನೀಲ್ಸನ್ ವಿಧಾನದಂತೆ ಕೆಳಗಿನಿಂದ ಬಿಸಿ ಬೇಡ. ಆರಮಿನ್ ಬ್ಯಾಕ್ಟೀರಿಯಾದ ಮೇಣದಂಥ ಮೈಕೋಲಿಕ್ ಆಮ್ಲದ ಕವಚಕ್ಕೆ ಕಚ್ಚಿಕೊಳ್ಳುತ್ತದೆ. ತೊಳೆದು, ಶೇಕಡಾ 0.5ರ ಆಸಿಡ್ ಆಲ್ಕೋಹಾಲ್ 3 ನಿಮಿಷ. ಉಳಿದೆಲ್ಲದರ ಬಣ್ಣ ಹೋಗಿ ಈ ಬ್ಯಾಕ್ಟೀರಿಯಾದ್ದು ಮಾತ್ರ ಉಳಿಯುತ್ತದೆ. ಮತ್ತೆ ತೊಳೆದು ಶೇಕಡಾ 0.5ರ ಪೊಟ್ಯಾಸಿಯಂ ಪರ್ಮಾಂಗನೇಟ್ 1 ನಿಮಿಷ. ಇದು ಬಣ್ಣ ಕೊಡಲು ಅಲ್ಲ, ಹಿನ್ನೆಲೆಯ ಹೊಳಪನ್ನು ಅಡಗಿಸಲು. ಒಂದು ನಿಮಿಷ ಎಂದರೆ ಒಂದೇ ನಿಮಿಷ. ಫೋನ್ ಬಂತೆಂದು ಮೂರು ನಿಮಿಷ ಬಿಟ್ಟರೆ ಅದು ಬ್ಯಾಕ್ಟೀರಿಯಾದ ಹೊಳಪನ್ನೂ ನುಂಗುತ್ತದೆ, ರೋಗಿಯ ವರದಿ ತಪ್ಪಾಗಿ ‘ನೆಗೆಟಿವ್’ ಆಗುತ್ತದೆ. ತೊಳೆಯಲು ನಲ್ಲಿ ನೀರು ಬೇಡ. ಅದರ ಕ್ಲೋರಿನ್ ಹೊಳಪನ್ನು ಕೆಡಿಸಬಹುದು, ಟ್ಯಾಂಕಿನಲ್ಲಿ ಬೆಳೆದ ನಿರುಪದ್ರವಿ ಮೈಕೋಬ್ಯಾಕ್ಟೀರಿಯಾ ಸ್ಲೈಡಿಗೆ ಸೇರಿ ಇಲ್ಲದ ರೋಗವನ್ನೂ ತೋರಿಸಬಹುದು. ಡಿಸ್ಟಿಲ್ಡ್ ವಾಟರನ್ನೇ ಬಳಸಿ.

ಲಾಭ ಏನು? ಝೀಲ್-ನೀಲ್ಸನ್‌ನಲ್ಲಿ 100 ಪಟ್ಟಿನ ಎಣ್ಣೆ ಆಬ್ಜೆಕ್ಟಿವಿನಲ್ಲಿ ಹುಡುಕಬೇಕು. ಇಲ್ಲಿ ಕಪ್ಪಿನಲ್ಲಿ ಹಳದಿ-ಹಸಿರು ಕಡ್ಡಿಗಳು ತಾವೇ ಎದ್ದು ಕಾಣುವುದರಿಂದ 20 ಪಟ್ಟು ಸಾಕು, ಅನುಮಾನ ಬಂದದ್ದನ್ನು 40ರಲ್ಲಿ ಖಚಿತಪಡಿಸಿಕೊಂಡರಾಯಿತು. 100ರ ಬದಲು 20 ಅಂದರೆ ಒಂದು ನೋಟಕ್ಕೆ 25 ಪಟ್ಟು ಜಾಗ ಸಿಗುತ್ತದೆ. ಹಳೆಯ ಪಾದರಸ ದೀಪದ ಬದಲು ಎಲ್‌ಇಡಿ ಮೈಕ್ರೋಸ್ಕೋಪ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತು. ಹೊಳೆದದ್ದೆಲ್ಲ ಬ್ಯಾಕ್ಟೀರಿಯಾ ಅಲ್ಲ, ಆಕಾರ ನೋಡಿ. ಗುಂಡಗೆ, ಮುದ್ದೆಯಾಗಿ, ಚೂಪು ಅಂಚಿನ ಚೂರಾಗಿ ಹೊಳೆಯುವುದು ಕಸ. ಕತ್ತಲಿಗೆ ಕಣ್ಣು ಹೊಂದಲು ಕೆಲವು ನಿಮಿಷ ಬೇಕು, ನಡುವೆ ಒಮ್ಮೆ ಮೊಬೈಲ್ ನೋಡಿದರೆ ಲೆಕ್ಕ ಮೊದಲಿನಿಂದ.

ಕಸದ ಮಾತು ಬಂದಿತು. ಡಾಪಿ ನೋಡುವ ನೀಲಿ ಫಿಲ್ಟರಿನಲ್ಲಿ ಉದ್ದನೆಯ, ತಿರುಚಿದ, ಕಣ್ಣು ಕುಕ್ಕುವ ಎಳೆ ಕಂಡರೆ ಹೊಸ ಜೀವಿಯೆಂದು ಸಂಭ್ರಮಿಸಬೇಡಿ. ಅದು ನಿಮ್ಮ ಅಂಗಿಯ ಹತ್ತಿ. ಬಟ್ಟೆ ಸೋಪಿನ ಪುಡಿಯಲ್ಲಿರುವ ಬಿಳಿಪು ಕೊಡುವ ರಾಸಾಯನಿಕ ಯುವಿಯನ್ನು ನುಂಗಿ ನೀಲಿ ಕೊಡುತ್ತದೆ, ಅದಕ್ಕೇ ಬಿಳಿ ಪಂಚೆ ಬಿಸಿಲಿನಲ್ಲಿ ಅಷ್ಟು ಬೆಳ್ಳಗೆ. ಹತ್ತಿ ಗಿರಣಿಗಳ ಊರಿನವರು ನೀವು, ಎಳೆಯ ತಿರುಚನ್ನು ಒಮ್ಮೆ ನೋಡಿದರೆ ಮತ್ತೆ ಮರೆಯಲಾರಿರಿ.

ಮೆಕ್ಕೆಜೋಳ, ಶೇಂಗಾ ಬೆಳೆಯುವ ಸೀಮೆಯಲ್ಲಿ ಇನ್ನೊಂದನ್ನು ಹೇಳದೆ ಬಿಡುವಂತಿಲ್ಲ. ಬೂಸಲಿನ ವಿಷ ಅಫ್ಲಾಟಾಕ್ಸಿನ್‌ಗೆ ಬಿ ಮತ್ತು ಜಿ ಎಂಬ ಹೆಸರು ಬಂದದ್ದೇ ಯುವಿಯಲ್ಲಿ ಒಂದು ನೀಲಿ, ಇನ್ನೊಂದು ಹಸಿರು ಹೊಳೆಯುವುದರಿಂದ, ಇಂಗ್ಲಿಷಿನ ಆ ಬಣ್ಣಗಳ ಮೊದಲ ಅಕ್ಷರಗಳವು. ಆದರೆ ಒಡೆದ ಮೆಕ್ಕೆಜೋಳಕ್ಕೆ ಟಾರ್ಚ್ ಹಿಡಿದಾಗ ಕಾಣುವ ಹಸಿರು-ಹಳದಿ ಹೊಳಪು ಆ ವಿಷದ್ದಲ್ಲ. ಅದೇ ಬೂಸಲು ಮಾಡುವ ಕೋಜಿಕ್ ಆಮ್ಲದಿಂದ ಹುಟ್ಟಿದ ಬೇರೆ ವಸ್ತುವಿನದು. ಹೊಳೆದರೆ ಬೂಸಲು ಬಂದಿರಬಹುದು, ಲ್ಯಾಬಿಗೆ ಕಳಿಸಿ ಎಂದಷ್ಟೇ ಅರ್ಥ. ಹೊಳೆಯದ ಚೀಲವನ್ನು ಸುರಕ್ಷಿತ ಎನ್ನಲು ಬರುವುದಿಲ್ಲ.

ಕ್ಯಾಮೆರಾ ಬಗ್ಗೆ ಸ್ವಲ್ಪ. ಒಳ್ಳೆಯ ಫ್ಲೋರೆಸೆನ್ಸ್ ಕ್ಯಾಮೆರಾ ಕಪ್ಪು-ಬಿಳುಪು, ಪರದೆಯ ಮೇಲಿನ ಹಸಿರು ನಾವು ಆಮೇಲೆ ಬಳಿದದ್ದು. 12 ಬಿಟ್‌ನಲ್ಲಿ 0ರಿಂದ 4095ರವರೆಗೆ ಮಟ್ಟಗಳಿವೆ. 4095ಕ್ಕೆ ಮುಟ್ಟಿದ ಜಾಗದಲ್ಲಿ ಇನ್ನೆಷ್ಟು ಹೊಳಪಿತ್ತೋ ಗೊತ್ತಾಗುವುದಿಲ್ಲ, ಎಕ್ಸ್‌ಪೋಶರ್ ಇಳಿಸಿ. ಬಣ್ಣ ಹಾಕಿದ ಸ್ಲೈಡಿಗೂ ಹಾಕದ ಸ್ಲೈಡಿಗೂ ಎಕ್ಸ್‌ಪೋಶರ್, ಗೇನ್ ಒಂದೇ ಇರಬೇಕು. ‘ಆಟೋ’ದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲನ್ನೂ ಎಳೆದು ಬೆಳಕು ಮಾಡಿಕೊಡುತ್ತದೆ, ಎರಡೂ ಒಂದೇ ಥರ ಕಾಣುತ್ತವೆ. ಎರಡು-ಮೂರು ಬಣ್ಣ ಇದ್ದರೆ ಉದ್ದ ತರಂಗಾಂತರದ್ದನ್ನು ಮೊದಲು, ಡಾಪಿಯನ್ನು ಕೊನೆಗೆ ತೆಗೆಯಿರಿ. ಒಂದೊಂದೇ ಬಣ್ಣ ಹಾಕಿದ ಸ್ಲೈಡ್‌ಗಳೂ ಜೊತೆಗಿರಲಿ, ಒಂದರ ಬೆಳಕು ಇನ್ನೊಂದರ ಫಿಲ್ಟರಿಗೆ ಸೋರುವುದು ಅಲ್ಲೇ ಸಿಕ್ಕಿಬೀಳುತ್ತದೆ. ಫೈಲನ್ನು ಟಿಫ್‌ನಲ್ಲಿ ಉಳಿಸಿ. ಜೆಪೆಗ್ ವಾಟ್ಸಾಪಿಗೆ ಸರಿ, ಅಳತೆಗೆ ಅಲ್ಲ.

ಕೊನೆಗೆ ಬಂದ ಪ್ರಶ್ನೆ: ಕಾಲೇಜಿನ ಹಳೆಯ ಮೈಕ್ರೋಸ್ಕೋಪಿನಲ್ಲೇ ಇದನ್ನು ಮಾಡಬಹುದೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ನೀಲಿ ಎಲ್‌ಇಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಸ್ಲೈಡಿಗೆ ಹಿಡಿದು, ಐಪೀಸಿನ ಮೇಲೆ ಗಾಢ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಾಳೆ ಇಟ್ಟು, ಕಣ್ಣಿನ ಬದಲು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. 4 ಮತ್ತು 10 ಪಟ್ಟಿನಲ್ಲಿ ಹೈಲೈಟರ್ ಪೆನ್ನಿನ ಶಾಯಿ ಕುಡಿದ ಹತ್ತಿ ಎಳೆ ಚೆನ್ನಾಗಿ ಕಾಣುತ್ತದೆ. 40ಕ್ಕೆ ಹೋದರೆ ಆಗದು. ಅಲ್ಲಿ ಆಬ್ಜೆಕ್ಟಿವಿಗೂ ಸ್ಲೈಡಿಗೂ ನಡುವೆ ಇರುವುದು ಒಂದು ಮಿಲಿಮೀಟರಿಗೂ ಕಡಿಮೆ ಜಾಗ, ಪಕ್ಕದಿಂದ ಬೆಳಕು ತೂರುವುದಿಲ್ಲ. ಪ್ರಯೋಗಕ್ಕೆ ನೀಲಿ ಟಾರ್ಚೇ ಇರಲಿ, ಯುವಿ ಬೇಡ.